ಮುಂದಾಳಿನ ಕೈ



ಕೆಲವು ತಿಂಗಳ ಹಿಂದೆ ಅಂಬರನಾಥದ ಎಂ.ಐ.ಡಿ.ಸಿ. ಪ್ರದೇಶಕ್ಕೆ ಹತ್ತಿರದ ಒಂದು ಚಿಕ್ಕ ಸಭಾಗೃಹದಲ್ಲಿ ಬೀಳ್ಕೊಡುಗೆಯ ಸಮಾರಂಭವೊಂದು ನಡೆಯಿತು. ನಿವೃತ್ತರಾಗುತ್ತಿದ್ದವರು ತಗಡಿನ ಬಿಡಿಭಾಗಗಳನ್ನು ತಯಾರಿಸುವ ಒಂದು ಕಾರ್ಖಾನೆಯ ಫೋರ್‌ಮನ್. ಊರು ಸೋಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿ, ಮನೆಮಾತು ಕನ್ನಡ. ನಮ್ಮ ಸಂಘದ ಹಳೆಯ ಸದಸ್ಯರು. ಆದರೆ ವೇದಿಕೆಯ ಮೇಲೆ ಅವರನ್ನು ನೀವು ಯಾರೂ ಕಂಡಿರಲಾರಿರಿ. ಕಾರ್ಯಕ್ರಮ ಮುಗಿದ ಮೇಲೆ ಜಮಖಾನೆ ಸುತ್ತಿಡುವವರ ನಡುವೆ ಕಂಡಿರಬಹುದು.

ಸಭೆಯಲ್ಲಿ ಮರಾಠಿಯಲ್ಲಿ ಒಂದೆರಡು ಭಾಷಣಗಳಾದವು. ಬಳಿಕ ಉತ್ತರಪ್ರದೇಶದ ಕಡೆಯ ಒಬ್ಬ ತರುಣ ಕಾರ್ಮಿಕ ಎದ್ದುನಿಂತು ಹಿಂದಿಯಲ್ಲಿ ನಾಲ್ಕು ಮಾತು ಹೇಳಿದ. ಅದರ ಸಾರಾಂಶ ಇಷ್ಟು: "ಉಸ್ತಾದರು ನಮಗೆ ಎಂದೂ ಸುರಕ್ಷತೆಯ ಉಪದೇಶ ಮಾಡಲಿಲ್ಲ. ಯಂತ್ರ ಕೆಟ್ಟು ನಿಂತರೆ ಮೊದಲು ತಾವೇ ಹೋಗಿ ಮೇನ್ ಸ್ವಿಚ್ ಇಳಿಸುತ್ತಿದ್ದರು. ಅದಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಯಂತ್ರಕ್ಕೆ ಕೈ ಹಚ್ಚುತ್ತಿದ್ದರು. ಎಂಟು ವರ್ಷಗಳಲ್ಲಿ ಒಂದು ಸಲವೂ ಅವರು ಅದನ್ನು ಬಿಟ್ಟದ್ದನ್ನು ನಾನು ನೋಡಲಿಲ್ಲ. ಹೀಗಾಗಿ ನನಗೂ ಬಿಡಲಾಗಲಿಲ್ಲ."

ಕೊನೆಗೆ ಫೋರ್‌ಮನ್ ಮಾತನಾಡಿದರು. ಎಲ್ಲರಿಗೂ ಕೈಮುಗಿದು, ನನ್ನ ಕಡೆಗೆ ತಿರುಗಿ ತಮ್ಮ ಊರಿನ ಕನ್ನಡದಲ್ಲಿ ಹೇಳಿದರು: "ನಾ ಕೆಲಸಾ ಕಲತದ್ದು ಈ ಸಾಹೇಬ್ರನ್ನ ನೋಡೇರಿ." ಸಭೆ ಚಪ್ಪಾಳೆ ತಟ್ಟಿತು. ನಾನು ತಲೆ ಎತ್ತಲಿಲ್ಲ. ಮುಗಿದಿದ್ದ ಆ ಕೈಗಳಲ್ಲಿ ಬಲಗೈಯ ತೋರುಬೆರಳು ನಡುಗೆಣ್ಣಿಗೇ ಮುಗಿದಿತ್ತು. ಅದು ಹೇಗೆ ಹೋಯಿತೆಂಬುದು ಆ ಸಭೆಯಲ್ಲಿ ಇಬ್ಬರಿಗೆ ಮಾತ್ರ ಸರಿಯಾಗಿ ಗೊತ್ತಿತ್ತು. ಒಬ್ಬರು ಅವರು, ಇನ್ನೊಬ್ಬ ನಾನು.

ಈ ಸಂಚಿಕೆಗೆ ದುಡಿಮೆಯ ಸ್ಥಳದಲ್ಲಿ ಮುಂದಾಳುತನ ಎಂಬ ವಿಷಯದ ಮೇಲೆ ಬರೆಯಬೇಕೆಂದು ಸಂಪಾದಕ ಮಂಡಳಿ ನಿರ್ಧರಿಸಿದಾಗ, ಗ್ರಂಥಗಳನ್ನು ತಿರುವಿ ಹಾಕಿ ಒಂದು ಪಾಂಡಿತ್ಯದ ಲೇಖನ ಸಿದ್ಧಪಡಿಸುವುದು ನನಗೆ ಸುಲಭವಿತ್ತು. ಆದರೆ ಆ ಬೆರಳಿನ ಸಂಗತಿಯನ್ನು ಹೇಳದೆ ಈ ವಿಷಯವನ್ನು ಮುಟ್ಟುವ ಅಧಿಕಾರ ನನಗಿಲ್ಲ.

ಅದು 1987ನೆಯ ಇಸವಿ. ನಾನು ಆಗ ಇದೇ ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಪಾಳಿಯ ಸೂಪರ್‌ವೈಸರ್. ಪವರ್ ಪ್ರೆಸ್ಸಿನ ಕೆಳಗೆ ತಗಡು ಇಡಬೇಕು, ಪೆಡಲ್ ಒತ್ತಬೇಕು, ಡೈ ಇಳಿದು ತಗಡನ್ನು ಆಕಾರಕ್ಕೆ ತರುತ್ತದೆ, ಬಿಡಿಭಾಗವನ್ನು ಹೊರಗೆಳೆದು ಮುಂದಿನ ತಗಡು ಇಡಬೇಕು. ಡೈ ಇಳಿಯುವಾಗ ಕೈ ಒಳಗೆ ಹೋಗದಂತೆ ಯಂತ್ರದ ಮುಂದೆ ಕಬ್ಬಿಣದ ಗಾರ್ಡ್ ಇರುತ್ತದೆ. ಯಂತ್ರದ ಅಪಾಯಕಾರಿ ಭಾಗಕ್ಕೆ ತಡೆ ಇರಲೇಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯೇ ಹೇಳಿತ್ತು. ನಮ್ಮ ಶೆಡ್ಡಿನ ಗೋಡೆಯ ಮೇಲೂ ಅದನ್ನು ಮರಾಠಿಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆಸಿದ್ದೆವು. ಆದರೆ ಗಾರ್ಡ್ ಇದ್ದರೆ ಕೆಲಸ ನಿಧಾನ. ಪ್ರತಿ ಸಲವೂ ಚಿಮಟದಿಂದ ತಗಡು ಒಳಗೆ ಸೇರಿಸಬೇಕು.

ತಿಂಗಳ ಕೊನೆಯ ವಾರ. ಮಾಲು ಕಳುಹಿಸಬೇಕಾದ ದಿನ ಹತ್ತಿರ ಬಂದಿತ್ತು. ಮೇಲಿನವರಿಂದ ದಿನಕ್ಕೆ ಮೂರು ಸಲ ವಿಚಾರಣೆ. ಹುಡುಗರು ನಿಧಾನ ಮಾಡುತ್ತಿದ್ದಾರೆಂದು ನನಗೆ ಸಿಟ್ಟು. ಒಂದು ಸಂಜೆ ನಾನೇ ಗಾರ್ಡಿನ ಬೋಲ್ಟ್ ಬಿಚ್ಚಿ ಪಕ್ಕಕ್ಕಿಟ್ಟು, ಸ್ಟೂಲಿನ ಮೇಲೆ ಕುಳಿತು, ಬರಿಗೈಯಿಂದ ಐವತ್ತು ನಗ ಹೊಡೆದು ತೋರಿಸಿದೆ. "ನೋಡಿ, ಕೆಲಸ ಹೀಗೆ ಆಗಬೇಕು" ಎಂದೆ. ಹುಡುಗರು ಬೆರಗಾಗಿ ನೋಡಿದರು. ಸೂಪರ್‌ವೈಸರ್ ತಾನೇ ಯಂತ್ರದ ಮುಂದೆ ಕುಳಿತು ದುಡಿದನೆಂದು ನನಗೂ ಒಳಗೊಳಗೆ ಹೆಮ್ಮೆ. ಎದ್ದು ಬರುವಾಗ ಗಾರ್ಡನ್ನು ಮತ್ತೆ ಕೂರಿಸಲು ಹೇಳಿದೆನೋ ಇಲ್ಲವೋ ನೆನಪಿಲ್ಲ. ಹೇಳಿದ್ದರೂ ಅದಕ್ಕೆ ಬೆಲೆ ಇರುತ್ತಿರಲಿಲ್ಲ.

ಹನ್ನೊಂದು ದಿನಗಳ ಮೇಲೆ, ಇಪ್ಪತ್ತು ವರ್ಷದ ಆ ಅಕ್ಕಲಕೋಟೆಯ ಹುಡುಗ, ಅದೇ ಯಂತ್ರದ ಮುಂದೆ, ಅದೇ ರೀತಿಯಲ್ಲಿ, ನನ್ನಷ್ಟೇ ವೇಗದಿಂದ ಕೆಲಸ ಮಾಡಲು ಹೋಗಿ ಬೆರಳು ಕಳೆದುಕೊಂಡ.

ವರದಿ ಬರೆಯಬೇಕಾದವನು ನಾನೇ. "ಕಾರ್ಮಿಕನ ಅಜಾಗರೂಕತೆಯಿಂದ" ಎಂದು ಬರೆದು ಸಹಿ ಹಾಕಿದೆ. ಸುಳ್ಳೆಂದು ಯಾರೂ ಹೇಳುವಂತಿರಲಿಲ್ಲ. ಗಾರ್ಡ್ ಬಿಚ್ಚಬಾರದೆಂಬ ನಿಯಮ ಗೋಡೆಯ ಮೇಲೆ ಇತ್ತು. ಹುಡುಗ ಅದನ್ನು ಮುರಿದಿದ್ದ. ಅವನಿಗೆ ಸಲ್ಲಬೇಕಾದ ಪರಿಹಾರ ಸಂದಿತು, ಕೆಲಸವೂ ಉಳಿಯಿತು. ಆದರೆ ಕಾಗದದ ಮೇಲೆ ತಪ್ಪು ಅವನದಾಗಿಯೇ ಉಳಿಯಿತು. ಆ ವರದಿಯಲ್ಲಿ ನನ್ನ ಹೆಸರು ಇದ್ದದ್ದು ಸಹಿಯ ಜಾಗದಲ್ಲಿ ಮಾತ್ರ.

"ನಾಯಕನಾದವನು ತಾನೇ ಮಾದರಿಯಾಗಬೇಕು" ಎಂಬ ಮಾತನ್ನು ಸಭೆ ಸಮಾರಂಭಗಳಲ್ಲಿ ಕೇಳಿದಾಗಲೆಲ್ಲ ನನಗೆ ಆ ಐವತ್ತು ನಗ ನೆನಪಾಗುತ್ತವೆ. ಮಾದರಿಯಾಗುವುದು ಏನೋ ಒಂದು ಸದ್ಗುಣ, ಬೇಕಾದವರು ರೂಢಿಸಿಕೊಳ್ಳಬಹುದು, ಬೇಡವಾದವರು ಬಿಡಬಹುದು ಎಂಬ ಅರ್ಥದಲ್ಲಿ ನಾವು ಆ ಮಾತನ್ನು ಬಳಸುತ್ತೇವೆ. ನಾನು ಕಂಡದ್ದು ಬೇರೆ. ನಾಲ್ಕು ಜನರ ಮುಂದೆ ನಿಂತವನಿಗೆ ಮಾದರಿಯಾಗದೆ ಇರುವ ಆಯ್ಕೆಯೇ ಇಲ್ಲ. ಬಯಸಲಿ ಬಿಡಲಿ, ಅವನು ಪ್ರತಿ ಗಳಿಗೆಯೂ ಒಂದು ಮಾದರಿಯನ್ನು ಹಾಕಿಕೊಡುತ್ತಲೇ ಇರುತ್ತಾನೆ. ಅದು ಒಳ್ಳೆಯದೋ ಕೆಟ್ಟದ್ದೋ ಎಂಬುದಷ್ಟೇ ಪ್ರಶ್ನೆ. ಎಲ್ಲವೂ ಸುಸೂತ್ರವಾಗಿರುವ ದಿನ ಅವನು ಏನು ಮಾಡುತ್ತಾನೆಂಬುದನ್ನು ಕೈಕೆಳಗಿನವರು ಅಷ್ಟಾಗಿ ಗಮನಿಸುವುದಿಲ್ಲ. ಹೊತ್ತು ಸಾಲದಾದಾಗ, ನಷ್ಟ ಬಂದಾಗ, ತಪ್ಪು ಹೊರಬಿದ್ದಾಗ ಅವನು ಏನು ಮಾಡುತ್ತಾನೆಂಬುದನ್ನು ಮಾತ್ರ ಕಣ್ಣಿಟ್ಟು ನೋಡುತ್ತಾರೆ. ಆಗ ಅವನು ನಡೆದುಕೊಂಡದ್ದೇ ಆ ಕಾರ್ಖಾನೆಯ ನಿಜವಾದ ನಿಯಮ. ಗೋಡೆಯ ಮೇಲಿನದು ಕೇವಲ ಬಣ್ಣ.

ನಾವು ಬಾಳುತ್ತಿರುವ ಈ ನೆಲವನ್ನು ಒಮ್ಮೆ ನೋಡೋಣ. ಅಂಬರನಾಥವೆಂದರೆ ಯಾತ್ರಿಕರಿಗೆ ವಾಲಧುನಿ ಹೊಳೆಯ ದಂಡೆಯ ಶಿವಾಲಯ. ಶಕ 982, ಅಂದರೆ ಕ್ರಿ.ಶ. 1060ರ ಶಾಸನವುಳ್ಳ ಆ ಗುಡಿ ಉತ್ತರ ಕೊಂಕಣದ ಶಿಲಾಹಾರರ ಕಾಲದ್ದು. ರಾಷ್ಟ್ರಕೂಟರ ಸಾಮಂತರಾಗಿ ಮೇಲೆ ಬಂದ ಅರಸುಮನೆತನ ಅದು. ಆದ್ದರಿಂದ ಕನ್ನಡಿಗರಿಗೆ ಈ ನೆಲ ತೀರ ಪರಕೀಯವಲ್ಲ ಎಂದು ನಮ್ಮ ಸಂಘದ ಹಿರಿಯರು ಭಾಷಣಗಳಲ್ಲಿ ಹೇಳುವುದುಂಟು. ಆದರೆ ನಮ್ಮನ್ನು ಇಲ್ಲಿಗೆ ತಂದದ್ದು ಶಿಲಾಹಾರರಲ್ಲ, ಸೈರನ್ನು. ಒಂದು ಕಾಲದಲ್ಲಿ ಬೆಂಕಿಪೆಟ್ಟಿಗೆಗೆ ಹೆಸರಾಗಿದ್ದ ವಿಮ್ಕೋ, ರಕ್ಷಣಾ ಇಲಾಖೆಯ ಆರ್ಡನನ್ಸ್ ಕಾರ್ಖಾನೆ, ಆಮೇಲೆ ಎಂ.ಐ.ಡಿ.ಸಿ.ಯ ನೂರಾರು ಸಣ್ಣದೊಡ್ಡ ಘಟಕಗಳು. ಕರಾವಳಿಯಿಂದ ಹೊಟೇಲಿಗೆ ಬಂದವರು, ವಿಜಾಪುರ ಗುಲಬರ್ಗಾ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಅಕ್ಕಲಕೋಟೆ ಜತ್ತ ತಾಲೂಕುಗಳಿಂದ ಯಂತ್ರದ ಮುಂದೆ ಬಂದು ಕುಳಿತವರು, ಪದವಿ ಹಿಡಿದು ಬ್ಯಾಂಕು ಕಚೇರಿಗಳಿಗೆ ಬಂದವರು, ಹೀಗೆ ಠಾಣೆಯಿಂದ ಕರ್ಜತಿನ ತನಕ ನಾವು ಹಂಚಿಹೋಗಿದ್ದೇವೆ. ನಮ್ಮಲ್ಲಿ ಹೆಚ್ಚಿನವರು ಆಜ್ಞೆ ಪಾಲಿಸುವವರಾಗಿ ಬಂದು ಕ್ರಮೇಣ ಆಜ್ಞೆ ಕೊಡುವವರಾದೆವು. ಆ ದಾಟುವಿಕೆಯಲ್ಲಿ ನಾವು ಏನನ್ನು ಒಯ್ದೆವು, ಏನನ್ನು ಹಿಂದೆ ಬಿಟ್ಟೆವು ಎಂಬುದನ್ನು ನಾವು ಕೇಳಿಕೊಂಡದ್ದು ಕಡಿಮೆ.

ಮುಂಬಯಿ ಪ್ರಾಂತದಲ್ಲಿ ದುಡಿದ ಕನ್ನಡಿಗರಲ್ಲಿ ಮೊದಲಿಗೆ ನೆನಪಾಗುವ ಹೆಸರು ಸರ್ ಎಂ. ವಿಶ್ವೇಶ್ವರಯ್ಯನವರದು. 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರಾಗಿ ಸೇರಿ ಸುಮಾರು ಕಾಲು ಶತಮಾನ ಇದೇ ಪ್ರಾಂತದಲ್ಲಿ, ಖಾನದೇಶದಿಂದ ಪುಣೆಯವರೆಗೆ, ದೂರದ ಸಿಂಧಿನ ಸಕ್ಕರದವರೆಗೆ ಅವರು ದುಡಿದರು. ಪುಣೆಯ ಬಳಿಯ ಖಡಕವಾಸಲಾ ಜಲಾಶಯಕ್ಕೆ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳು ಎಂಜಿನಿಯರಿಂಗ್ ಚರಿತ್ರೆಯಲ್ಲಿ ಸೇರಿವೆ. ಆದರೂ ಜನರ ಬಾಯಲ್ಲಿ ಉಳಿದಿರುವುದು ಆ ಬಾಗಿಲುಗಳಲ್ಲ. ಸರಕಾರಿ ಕೆಲಸಕ್ಕೆ ಸರಕಾರದ ಮೇಣದ ಬತ್ತಿ, ಸ್ವಂತ ಓದಿಗೆ ಸ್ವಂತ ಬತ್ತಿ ಹಚ್ಚುತ್ತಿದ್ದರಂತೆ ಎಂಬ ಕಥೆ. 1912ರಲ್ಲಿ ಮೈಸೂರಿನ ದಿವಾನರಾಗುವ ಮೊದಲು ಬಂಧುಗಳನ್ನು ಕರೆದು "ನನ್ನಿಂದ ಯಾವ ಶಿಫಾರಸನ್ನೂ ಕೇಳಬಾರದು" ಎಂದು ಮಾತು ತೆಗೆದುಕೊಂಡರಂತೆ ಎಂಬ ಕಥೆ. ಅಣೆಕಟ್ಟಿನ ಲೆಕ್ಕ ಎಲ್ಲರಿಗೂ ತಿಳಿಯುವುದಿಲ್ಲ, ಬತ್ತಿಯ ಲೆಕ್ಕ ಎಲ್ಲರಿಗೂ ತಿಳಿಯುತ್ತದೆ. ಮೇಲಿನವನು ಕಚೇರಿಯ ಕಾಗದ, ಕಚೇರಿಯ ವಾಹನ, ಕಚೇರಿಯ ಸಿಪಾಯಿಯನ್ನು ಹೇಗೆ ಬಳಸುತ್ತಾನೆಂಬುದನ್ನು ನೋಡಿಯೇ ಕೆಳಗಿನವರು ಅವನ ಉಳಿದ ಮಾತುಗಳಿಗೆ ಬೆಲೆ ಕಟ್ಟುತ್ತಾರೆ.

ಇಲ್ಲಿ ಒಂದು ಎಚ್ಚರದ ಮಾತನ್ನೂ ಸೇರಿಸಬೇಕು. ವಿಶ್ವೇಶ್ವರಯ್ಯನವರು 1918ರಲ್ಲಿ ದಿವಾನಗಿರಿಯನ್ನು ಬಿಟ್ಟದ್ದಕ್ಕೆ ಒಂದು ಮುಖ್ಯ ಕಾರಣ, ಸರಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ದೊರಕಿಸಿಕೊಡುವ ವಿಚಾರದಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರೊಡನೆ ಬಂದ ಭಿನ್ನಾಭಿಪ್ರಾಯ. ತಾನು ನಂಬಿದ್ದಕ್ಕಾಗಿ ಹುದ್ದೆಯನ್ನೇ ಬಿಟ್ಟದ್ದು ದೊಡ್ಡದು. ಆದರೆ ಆ ಪ್ರಶ್ನೆಯಲ್ಲಿ ನ್ಯಾಯ ಮಹಾರಾಜರ ಕಡೆಗಿತ್ತು ಎಂದು ಇಂದು ನಮ್ಮಲ್ಲಿ ಹಲವರು ತಿಳಿಯುತ್ತೇವೆ. ನಾನೂ ಹಾಗೆಯೇ ತಿಳಿಯುತ್ತೇನೆ. ವ್ಯಕ್ತಿಯ ನಡತೆ ಶುದ್ಧವಾಗಿದ್ದ ಮಾತ್ರಕ್ಕೆ ಅವನ ತೀರ್ಮಾನಗಳೆಲ್ಲ ನ್ಯಾಯವಾಗುವುದಿಲ್ಲ. ಮೇಲಿನವನ ಪ್ರಾಮಾಣಿಕತೆಯನ್ನು ತೋರಿಸಿ ಕೆಳಗಿನವನ ಹಕ್ಕಿನ ಪ್ರಶ್ನೆಯನ್ನು ಮುಚ್ಚಿಹಾಕಬಾರದು. ಮಾಲೀಕ ಬೆಳಿಗ್ಗೆ ಎಂಟಕ್ಕೇ ಬಂದು ಕೂರುತ್ತಾನೆ ನಿಜ. ಅದರಿಂದ ಕಾರ್ಮಿಕನಿಗೆ ಹೊತ್ತಿಗೆ ಸರಿಯಾಗಿ ಸಂಬಳ ಕೊಡುವ ಹೊಣೆ ತಪ್ಪುವುದಿಲ್ಲ.

ತಪ್ಪು ಹೊರಬಿದ್ದಾಗ ಮುಂದಾಳು ಏನು ಮಾಡಬೇಕೆಂಬುದಕ್ಕೆ ನಮ್ಮ ನೆರೆಯ ನವಿಮುಂಬಯಿಯ ನೆನಪೊಂದು ಸಾಕು. ಕೊಂಕಣ ರೈಲ್ವೆ ನಿಗಮ 1990ರಲ್ಲಿ ಬೇಲಾಪುರದಲ್ಲಿ ಪ್ರಧಾನ ಕಚೇರಿ ತೆರೆದಾಗ ಅದರ ಮುಖ್ಯಸ್ಥರಾಗಿದ್ದವರು ಕೇರಳದ ಇ. ಶ್ರೀಧರನ್. ರೋಹಾದಿಂದ ಮಂಗಳೂರಿನವರೆಗೆ ಗುಡ್ಡ ಕೊರೆದು, ಹೊಳೆಗಳಿಗೆ ಸೇತುವೆ ಕಟ್ಟಿ, 700 ಕಿಲೋಮೀಟರಿಗೂ ಮೀರಿದ ದಾರಿ 1998ರ ಜನವರಿ 26ರಂದು ಪೂರ್ತಿಯಾಗಿ ತೆರೆಯಿತು. ಘಟ್ಟ ಹತ್ತಿ ಇಳಿಯುವ ಬಸ್ಸಿನಲ್ಲಿ ಊರಿಗೆ ಹೋಗುತ್ತಿದ್ದ ಕರಾವಳಿಯ ಕನ್ನಡಿಗರಿಗೆ ಆ ಹಳಿಯ ಬೆಲೆ ಗೊತ್ತು. ಆ ಕೆಲಸದಲ್ಲಿ ಪ್ರಾಣ ತೆತ್ತ ಕಾರ್ಮಿಕರೂ ಕಡಿಮೆಯಲ್ಲ. ಆ ದಾರಿಯಲ್ಲಿ ಹೋಗುವಾಗ ಅವರನ್ನು ನೆನೆಯುವುದು ನಮ್ಮ ಕರ್ತವ್ಯ. ಮುಂದೆ ಶ್ರೀಧರನ್ ದಿಲ್ಲಿ ಮೆಟ್ರೋದ ಮುಖ್ಯಸ್ಥರಾದರು. 2009ರ ಜುಲೈ 12ರಂದು ದಿಲ್ಲಿಯ ಜಮರೂದಪುರದಲ್ಲಿ ಕಟ್ಟುತ್ತಿದ್ದ ಮೆಟ್ರೋ ಸೇತುವೆಯ ಭಾಗ ಕುಸಿದು ಕೆಲಸಗಾರರು ಸತ್ತರು. ಅಂದೇ ಅವರು ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಸರಕಾರ ಅದನ್ನು ಒಪ್ಪಲಿಲ್ಲ. ಕೇಳಿಕೊಂಡ ಮೇಲೆ ಹಿಂದಕ್ಕೆ ತೆಗೆದುಕೊಂಡು ಕೆಲಸ ಮುಂದುವರಿಸಿದರು.

ಹಿಂದಕ್ಕೆ ತೆಗೆದುಕೊಂಡ ರಾಜೀನಾಮೆಯಿಂದ ಏನು ಬಂತು ಎಂದು ಕೇಳುವವರಿದ್ದಾರೆ. ಸತ್ತವರು ಮರಳಿ ಬರಲಿಲ್ಲ, ಅದೂ ನಿಜ. ಆದರೆ ಆ ಸಂಜೆ ಆ ಸಂಸ್ಥೆಯ ಪ್ರತಿಯೊಬ್ಬ ಎಂಜಿನಿಯರನಿಗೂ ಒಂದು ಸಂಗತಿ ತಿಳಿಯಿತು: ಇಲ್ಲಿ ತಪ್ಪು ಕೆಳಮುಖವಾಗಿ ಹರಿಯುವುದಿಲ್ಲ. ನನ್ನ 1987ರ ವರದಿಯಿಂದ ನಮ್ಮ ಶೆಡ್ಡಿನ ಹುಡುಗರಿಗೆ ತಿಳಿದದ್ದು ಇದಕ್ಕೆ ವಿರುದ್ಧವಾದದ್ದು. ಮೇಲಿನವನು ತಪ್ಪು ಒಪ್ಪದ ಕಡೆಯಲ್ಲಿ ಕೆಳಗಿನವನು ತನ್ನ ತಪ್ಪನ್ನು ಮುಚ್ಚಿಡಲು ಕಲಿಯುತ್ತಾನೆ. ಯಂತ್ರದಲ್ಲಿ ಬಿರುಕು ಕಂಡವನು ಬಾಯಿ ಬಿಡುವುದಿಲ್ಲ. ಬಿರುಕು ಮಾತ್ರ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ.

ಇದು ನಮ್ಮ ಪಾಲಿಗೆ ಜೀವ ಹೋಗುವ ಮಾತು. 2016ರ ಮೇ 26ರಂದು ಡೊಂಬಿವಲಿಯ ಎಂ.ಐ.ಡಿ.ಸಿ.ಯಲ್ಲಿ ಒಂದು ರಾಸಾಯನಿಕ ಕಾರ್ಖಾನೆ ಸ್ಫೋಟಗೊಂಡು 12 ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಎಂಟು ವರ್ಷ ತುಂಬುವುದಕ್ಕೆ ಮೂರು ದಿನ ಮೊದಲು, 2024ರ ಮೇ 23ರಂದು, ಅದೇ ಎಂ.ಐ.ಡಿ.ಸಿ.ಯಲ್ಲಿ ಇನ್ನೊಂದು ಸ್ಫೋಟ. ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಎರಡು ಸಲವೂ ದೂರದ ಮನೆಗಳ ಕಿಟಕಿಯ ಗಾಜುಗಳು ಒಡೆದು ಬಿದ್ದವು. ನಮ್ಮ ಓದುಗರಲ್ಲಿ ಕೆಲವರ ಮನೆಗಳು ಆ ಸದ್ದು ಕೇಳುವಷ್ಟು ಹತ್ತಿರದಲ್ಲಿವೆ. ಆ ಕಾರ್ಖಾನೆಗಳಲ್ಲಿ ಏನು ತಪ್ಪಾಯಿತೆಂದು ತೀರ್ಪು ಕೊಡುವ ಸ್ಥಾನದಲ್ಲಿ ನಾನಿಲ್ಲ. ಆದರೆ ಈ ಪಟ್ಟಿಯ ಕಾರ್ಖಾನೆಗಳಲ್ಲಿ ಹೊಣೆಯ ಸ್ಥಾನದಲ್ಲಿರುವ ಕನ್ನಡಿಗರನ್ನು ಒಂದೆರಡು ಮಾತು ಕೇಳುವ ಸಲಿಗೆ ನನಗಿದೆ. ನೀವು ಶೆಡ್ಡಿನೊಳಕ್ಕೆ ಕಾಲಿಡುವಾಗ ಹೆಲ್ಮೆಟ್ ಧರಿಸುತ್ತೀರಾ, ಅಥವಾ ಅದು ಹೊರಗಿನಿಂದ ಬಂದ ತಪಾಸಣೆಯವರ ಎದುರಿಗೆ ಮಾತ್ರವೇ? ರಾತ್ರಿ ಪಾಳಿಯಲ್ಲಿ ಗುತ್ತಿಗೆಯ ಹುಡುಗರನ್ನು ಯಾವ ಟ್ಯಾಂಕಿನ ಪಕ್ಕ ನಿಲ್ಲಿಸುತ್ತೀರೋ, ಆ ಟ್ಯಾಂಕಿನ ಪಕ್ಕ ನೀವು ಒಂದು ಗಂಟೆ ನಿಲ್ಲಬಲ್ಲಿರಾ? ನಿಲ್ಲಲು ಅಳುಕಿದರೆ, ಆ ಅಳುಕಿನ ಕಾರಣವನ್ನು ಮೊದಲು ಸರಿಪಡಿಸಿ. ಖಾಯಂ ನೌಕರನಿಗೆ ಒಂದು ಬಗೆಯ ಬೂಟು, ಗುತ್ತಿಗೆಯವನಿಗೆ ಚಪ್ಪಲಿ ಎಂಬ ಕಡೆಯಲ್ಲಿ ಸುರಕ್ಷತಾ ಸಪ್ತಾಹದ ಪ್ರತಿಜ್ಞೆಯನ್ನು ಎಷ್ಟು ಗಟ್ಟಿಯಾಗಿ ಓದಿದರೇನು?

ಮುಂದಾಳುತನಕ್ಕೆ ಹುದ್ದೆ ಬೇಕೆಂದೂ ಇಲ್ಲ. ನಮ್ಮ ಪಕ್ಕದ ಕಲ್ಯಾಣವಲ್ಲ, ಬಸವಣ್ಣನವರ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನೆಂಬ ಶರಣನಿದ್ದ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ, ಇದು ನಮ್ಮ ಅಗತ್ಯಕ್ಕೆ ಮೀರಿದ್ದು, ತಂದಲ್ಲಿಗೇ ಮರಳಿ ಸುರಿದು ಬಾ ಎಂದು ಕಳುಹಿಸಿದಳೆಂದು ಕಥೆ. ಮಹಾಮನೆಯ ದಂಡನಾಯಕನಿಗೆ ಇದ್ದ ಅಧಿಕಾರದಲ್ಲಿ ಒಂದು ಕಾಳಿನಷ್ಟೂ ಲಕ್ಕಮ್ಮನಿಗೆ ಇರಲಿಲ್ಲ. ಆದರೂ ಎಂಟುನೂರು ವರ್ಷಗಳಿಂದ ಕನ್ನಡಿಗರು ಅವಳನ್ನು ನೆನೆಯುತ್ತಿದ್ದಾರೆ, ಏಕೆಂದರೆ ತಾನು ಹಸಿದಿರಬೇಕಾದಾಗಲೂ ಅವಳು ಹೇಳಿದ್ದನ್ನೇ ಬದುಕಿದಳು. ನಮ್ಮ ಫೋರ್‌ಮನ್ ಕೂಡ ಫೋರ್‌ಮನ್ ಆಗುವುದಕ್ಕೆ ಬಹಳ ಮೊದಲೇ, ಬರಿಯ ಆಪರೇಟರ್ ಆಗಿದ್ದಾಗಲೇ, ಸ್ವಿಚ್ಚಿಗೆ ಬೀಗ ಹಾಕಲು ತೊಡಗಿದ್ದರಂತೆ. ಬೀಗವನ್ನು ಅವರೇ ಸ್ವಂತ ದುಡ್ಡಿನಲ್ಲಿ ಕೊಂಡಿದ್ದರು. ಮೊದಲಿಗೆ ನಕ್ಕವರು ಆಮೇಲೆ ತಾವೂ ಬೀಗ ಕೊಂಡರು. ಕೊನೆಗೆ ಕಂಪನಿಯೇ ಬೀಗ ಕೊಡತೊಡಗಿತು.

ಇಲ್ಲಿಯವರೆಗೆ ಕಾರ್ಖಾನೆಯ ಮಾತಾಯಿತು. ಈಗ ನಮ್ಮ ಮನೆಯ ಮಾತು. ಸಂಘವೂ ದುಡಿಮೆಯ ಸ್ಥಳವೇ, ಸಂಬಳವಿಲ್ಲ ಅಷ್ಟೆ. ಸಂಬಳವಿಲ್ಲದ ಕಡೆಯಲ್ಲಿ ಹಾಜರಿಪುಸ್ತಕವಿಲ್ಲ, ಮೆಮೋ ಇಲ್ಲ, ಹೆದರಿಕೆಯಿಲ್ಲ. ಜನರನ್ನು ದುಡಿಮೆಗೆ ಹಚ್ಚಲು ಮುಂದಾಳಿನ ನಡತೆಯೊಂದೇ ಬಂಡವಾಳ. ಹೊರನಾಡಿನ ಕನ್ನಡ ಸಂಘಗಳು ಯುವಜನರಿಲ್ಲದೆ ಬಡವಾಗುತ್ತಿವೆ ಎಂದು ನಾವು ಪ್ರತಿ ವಾರ್ಷಿಕ ಸಭೆಯಲ್ಲಿ ಕಳವಳ ವ್ಯಕ್ತಪಡಿಸುತ್ತೇವೆ. ಯುವಜನರು ನಮ್ಮಲ್ಲಿ ಏನು ನೋಡಿದರೆಂಬುದನ್ನು ಮಾತ್ರ ಕೇಳಿಕೊಳ್ಳುವುದಿಲ್ಲ.

ಅವರು ನೋಡಿದ್ದು ಇದು. ಆರಕ್ಕೆ ಎಂದು ಆಮಂತ್ರಣದಲ್ಲಿ ಅಚ್ಚಾದ ಕಾರ್ಯಕ್ರಮ ಏಳೂಕಾಲಕ್ಕೆ ಆರಂಭವಾಗುತ್ತದೆ, ಏಕೆಂದರೆ ಅಧ್ಯಕ್ಷರು ಬಂದಿಲ್ಲ. ಹೊತ್ತಿಗೆ ಸರಿಯಾಗಿ ಬಂದ ಸಾಮಾನ್ಯ ಸದಸ್ಯ ಬದ್ಲಾಪುರದ ಕೊನೆಯ ಲೋಕಲ್ ಗಾಡಿಯ ಚಿಂತೆಯಲ್ಲಿ ನಾಟಕದ ಮಧ್ಯದಲ್ಲೇ ಎದ್ದುಹೋಗುತ್ತಾನೆ. ಮುಂದಿನ ಸಾಲು ಪದಾಧಿಕಾರಿಗಳಿಗೆ, ಟಿಕೇಟು ಉಳಿದವರಿಗೆ. ಊಟದ ಪಂಕ್ತಿಯಲ್ಲಿ ಮೊದಲ ಎಲೆ ನಮಗೆ. ಎಲೆ ಎತ್ತುವವರು ಇನ್ನಾರೋ. ಮಕ್ಕಳಿಗೆ ಕನ್ನಡ ಕಲಿಸಿ ಎಂದು ಮೈಕಿನಲ್ಲಿ ಹೇಳಿದವರು, ವೇದಿಕೆ ಇಳಿದು ತಮ್ಮ ಮಗುವನ್ನು ಇಂಗ್ಲಿಷಿನಲ್ಲಿ ಕರೆಯುತ್ತಾರೆ. ನಾನು ಇನ್ನಾರನ್ನೋ ಕುರಿತು ಹೇಳುತ್ತಿಲ್ಲ. ಈ ಪತ್ರಿಕೆಯ ಸಂಪಾದಕನ ಮೊಮ್ಮಗ ಈ ಸಂಪಾದಕೀಯವನ್ನು ಓದಲಾರ. ಅವನಿಗೆ ಕನ್ನಡದ ಮಾತು ತಿಳಿಯುತ್ತದೆ, ಅಕ್ಷರ ಬಾರದು. ವರ್ಷಕ್ಕೆ ನಾಲ್ಕು ಸಲ ಊರಿಗೆಲ್ಲ ಕನ್ನಡದ ಉಪದೇಶ ಹಂಚುವ ನನಗೆ ಮನೆಯಲ್ಲಿ ವಾರಕ್ಕೆ ಒಂದು ಗಂಟೆ ಸಿಗಲಿಲ್ಲ ಎಂದರೆ ಯಾರು ನಂಬಿಯಾರು?

ಲೆಕ್ಕಪತ್ರದ ವಿಚಾರದಲ್ಲಿ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸಿನ ಒಂದು ಸಂಗತಿ ನೆನಪಾಗುತ್ತದೆ. ಉಡುಪಿಯ ಕಡೆಯಿಂದ ಬಂದ ಮಯ್ಯ ಸೋದರರು 1924ರಲ್ಲಿ ಆರಂಭಿಸಿದ ಸಂಸ್ಥೆ ಅದು. ತುರ್ತುಪರಿಸ್ಥಿತಿಯ ಕಾಲದಲ್ಲಿ ತಿಂಡಿಗಳ ಬೆಲೆಯನ್ನು ಸರಕಾರ ಬಹಳ ಕೆಳಗೆ ಕಟ್ಟಿಹಾಕಿದಾಗ, ಗುಣವನ್ನು ಇಳಿಸಿ ನಷ್ಟ ತುಂಬಿಕೊಳ್ಳುವ ದಾರಿ ಎಲ್ಲರಿಗೂ ತೆರೆದಿತ್ತು. ಅವರು ಗುಣವನ್ನು ಇಳಿಸದೆ, ಅಂದಂದಿನ ನಷ್ಟ ಎಷ್ಟೆಂಬುದನ್ನು ಹೊಟೇಲಿನ ಹೊರಗೆ ಫಲಕದ ಮೇಲೆ ಬರೆದು ತೂಗುಹಾಕಿದರು. ಆ ಫಲಕವನ್ನು ಗಿರಾಕಿ ಒಮ್ಮೆ ನೋಡಿದರೆ, ಅಡಿಗೆಯವನು ದಿನವೂ ನೋಡುತ್ತಿದ್ದ. ತುಪ್ಪಕ್ಕೆ ಬದಲು ಇನ್ನೇನನ್ನೋ ಹಾಕೆಂದು ಧಣಿ ಹೇಳಲಾರನೆಂಬುದು ಅವನಿಗೆ ಆ ಫಲಕದಿಂದ ಗೊತ್ತಾಗುತ್ತಿತ್ತು. ನಮ್ಮ ಸಂಘದ ಲೆಕ್ಕವನ್ನು ವರ್ಷಕ್ಕೊಮ್ಮೆ, ಊಟದ ಹೊತ್ತಿಗೆ ಸರಿಯಾಗಿ, ಯಾರಿಗೂ ಕೇಳದ ದನಿಯಲ್ಲಿ ಓದುವ ಪದ್ಧತಿಯನ್ನು ನಾವು ಇನ್ನಾದರೂ ಬಿಡಬಹುದು.

ಇಷ್ಟೆಲ್ಲ ಬರೆದ ಮೇಲೆ ಇನ್ನೊಬ್ಬರಿಗೆ ಸಲಹೆ ಕೊಟ್ಟು ಕೈ ತೊಳೆದುಕೊಂಡರೆ ನಾನು ಗೋಡೆಯ ಮೇಲೆ ಇನ್ನೊಂದು ಫಲಕ ಬರೆಸಿದಂತಾದೀತು. ಆದ್ದರಿಂದ ನನ್ನ ಪಾಲಿನದನ್ನು ಮಾತ್ರ ಹೇಳುತ್ತೇನೆ. ಬರುವ ತಿಂಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘದ ಕೋಣೆಯಲ್ಲಿ ಕನ್ನಡ ಅಕ್ಷರಾಭ್ಯಾಸದ ತರಗತಿ ನಡೆಯುತ್ತದೆ. ಕಲಿಸುವವನು ನಾನು, ಮೊದಲ ವಿದ್ಯಾರ್ಥಿ ನನ್ನ ಮೊಮ್ಮಗ. ಬೇರೆ ಯಾರು ಬಂದರೂ ಸಂತೋಷ. ಯಾರೂ ಬಾರದಿದ್ದರೂ ನಾವಿಬ್ಬರು ಇರುತ್ತೇವೆ. ಸಂಘದ ಕಾರ್ಯಕ್ರಮಗಳಿಗೆ ಇನ್ನು ಮುಂದೆ ನಾನು ಟಿಕೇಟು ಕೊಂಡು ಬರುತ್ತೇನೆ, ಜಾಗ ಸಿಕ್ಕಲ್ಲಿ ಕೂರುತ್ತೇನೆ. ಪತ್ರಿಕೆಯ ಆದಾಯ ವೆಚ್ಚ ಮುಂದಿನ ಸಂಚಿಕೆಯಿಂದ ಒಳಪುಟದಲ್ಲಿ ಅಚ್ಚಾಗುತ್ತದೆ.

ಇನ್ನೊಂದು ಉಳಿದಿದೆ. ಬೀಳ್ಕೊಡುಗೆಯ ದಿನ ನನಗೆ ಮಾತನಾಡುವ ಅವಕಾಶ ಬಂದಿತ್ತು. ಎದ್ದುನಿಂತು ಅವರ ನಿಷ್ಠೆ, ಶಿಸ್ತು, ಸರಳತೆ ಎಂದು ನಾಲ್ಕು ಪದ ಹೇಳಿ ಶಾಲು ಹೊದಿಸಿ ಕುಳಿತೆ. ಹೇಳಬೇಕಾದದ್ದು ಗಂಟಲಲ್ಲೇ ಉಳಿಯಿತು. ಸಭೆ ಮುಗಿದ ಮೇಲೆ ಬಾಗಿಲ ಬಳಿ ಅವರ ಕೈ ಹಿಡಿದುಕೊಂಡು, "ತಮ್ಮಾ, ಆ ವರದಿ..." ಎಂದಷ್ಟೇ ಅಂದೆ. ಅವರು ಮುಂದೆ ಕೇಳಲಿಲ್ಲ. "ನೀವು ಆ ದಿನ ಗಾರ್ಡ್ ಬಿಚ್ಚಿದ್ದನ್ನೂ ನೋಡೇನ್ರಿ, ಆ ಮ್ಯಾಲೆ ಎಂದೂ ಬಿಚ್ಚದ್ದನ್ನೂ ನೋಡೇನ್ರಿ" ಎಂದರು. ಅಷ್ಟೇ ಹೇಳಿ ಜಮಖಾನೆ ಸುತ್ತಲು ಹೋದರು. ಅವರದೇ ಬೀಳ್ಕೊಡುಗೆಯ ಜಮಖಾನೆ.

ಅವರು ಕ್ಷಮಿಸಿದರೆಂದು ನಾನು ಅರ್ಥ ಮಾಡಿಕೊಂಡಿಲ್ಲ. ನನ್ನನ್ನು ಮೂವತ್ತೆಂಟು ವರ್ಷ ನೋಡುತ್ತಲೇ ಇದ್ದರೆಂದು ಮಾತ್ರ ತಿಳಿದುಕೊಂಡೆ. ಆ ವರದಿಯ ಕಾಗದ ಎಂದೋ ಗೆದ್ದಲಿಗೆ ಹೋಗಿರಬಹುದು. ತಿದ್ದಲು ಅದು ಈಗ ನನ್ನ ಕೈಗೆ ಸಿಗದು. ನನ್ನ ಕೈಯಲ್ಲಿರುವ ಕಾಗದ ಇದೊಂದೇ. ಆದ್ದರಿಂದ ಇದರಲ್ಲಿ ಬರೆಯುತ್ತಿದ್ದೇನೆ: 1987ರ ಆ ಅಪಘಾತದಲ್ಲಿ ಅಜಾಗರೂಕತೆ ಕಾರ್ಮಿಕನದಲ್ಲ, ಸೂಪರ್‌ವೈಸರನದು. ಸಹಿ ಈ ಸಲವೂ ನನ್ನದೇ.

- ಸಂಪಾದಕ